ರಾತ್ರಿ ಬರೆದ ಪಾಠ ಯೋಜನೆ ಬೆಳಗ್ಗೆ ಹತ್ತಕ್ಕೇ ಮೂಲೆ ಸೇರುತ್ತದೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಎಲ್ಲರಿಗೂ ನಮಸ್ಕಾರ. ಮೂರರಿಂದ ನಾಲ್ಕು ವರ್ಷದ ಮಕ್ಕಳ ತರಗತಿಗೆ ಈ ವರ್ಷ ಹೊಸದಾಗಿ ಸೇರಿದ್ದೇನೆ. 18 ಮಕ್ಕಳು, ನಾನು, ಒಬ್ಬ ಸಹಾಯಕಿ. ದಿನಾ ರಾತ್ರಿ ಕೂತು ಎರಡು ಪುಟ ಪಾಠ ಯೋಜನೆ ಬರೆಯುತ್ತೇನೆ. ಉದ್ದೇಶ, ಚಟುವಟಿಕೆ, ಬೇಕಾದ ಸಾಮಾನು, ಮೌಲ್ಯಮಾಪನ, ಎಲ್ಲ ಇರುತ್ತದೆ. ಬೆಳಗ್ಗೆ ಹತ್ತು ಗಂಟೆ ಅನ್ನುವಷ್ಟರಲ್ಲಿ ಅದು ಮೂಲೆ ಸೇರಿರುತ್ತದೆ. ಮೊನ್ನೆ ಬಣ್ಣಗಳ ಪಾಠಕ್ಕೆ ಅಂತ ಕಾಗದ ಕತ್ತರಿಸಿ ಇಟ್ಟಿದ್ದೆ. ಕಿಟಕಿ ಕೆಳಗೆ ಒಂದು ಇರುವೆ ಸಾಲು ಬಂತು. ಪಾಠ ಅಲ್ಲಿಗೆ ಮುಗಿಯಿತು.

ಇನ್ನೊಂದು ತಲೆನೋವು, ತಿಂಗಳಿಗೊಮ್ಮೆ ಪ್ರತಿ ಮಗುವಿನ ಬಗ್ಗೆ ಏನು ಗಮನಿಸಿದೆ ಅಂತ ಬರೆದು ಕೊಡಬೇಕು. ಬರೆಯಲು ಕೂತರೆ ನಾಲ್ಕೈದು ಮಕ್ಕಳ ಮುಖ ಮಾತ್ರ ನೆನಪಿಗೆ ಬರುತ್ತದೆ. ಉಳಿದವರಿಗೆಲ್ಲ ಒಂದೇ ಸಾಲು, "ಚಟುವಟಿಕೆಗಳಲ್ಲಿ ಚೆನ್ನಾಗಿ ಭಾಗವಹಿಸುತ್ತದೆ". ನನಗೇ ನಾಚಿಕೆ ಆಗುತ್ತದೆ. ನೀವೆಲ್ಲ ಯಾವಾಗ ನೋಡುತ್ತೀರಿ, ಯಾವಾಗ ಬರೆಯುತ್ತೀರಿ? ಯೋಜನೆ ಎಷ್ಟುದ್ದ ಇರಬೇಕು? ನಿಮ್ಮ ಅನುಭವ ಹೇಳಿ.

ಮೊದಲ ಉತ್ತರ (16 ವರ್ಷದಿಂದ ಇದೇ ಕೆಲಸ)

ಮೇಡಂ, ಆ ಎರಡು ಪುಟ ಮೊದಲು ಬಿಡಿ. ನಾನೂ ಮೂರು ವರ್ಷ ಹಾಗೇ ಬರೆದವಳು. ಅದು ಮಕ್ಕಳಿಗಾಗಿ ಅಲ್ಲ, ಬಂದು ಫೈಲು ನೋಡುವವರಿಗಾಗಿ ಬರೆಯುತ್ತಿದ್ದದ್ದು ಅಂತ ಆಮೇಲೆ ಗೊತ್ತಾಯಿತು.

ನನ್ನ ಕಣ್ಣು ತೆರೆಸಿದ್ದು ಅಂಗಿಯ ಗುಂಡಿಗಳು. ನಾಲ್ಕು ವರ್ಷದ ಒಬ್ಬ ಹುಡುಗ ಇಪ್ಪತ್ತರವರೆಗೆ ಗಡಗಡ ಅಂತ ಹೇಳುತ್ತಿದ್ದ. "ಎಣಿಸಲು ಬರುತ್ತದೆ" ಅಂತ ಬರೆದು ಗುರುತು ಹಾಕಿ ಸುಮ್ಮನಾಗಿದ್ದೆ. ಒಂದು ದಿನ ಅವನ ಮುಂದೆ ಏಳು ಗುಂಡಿ ಸಾಲಾಗಿ ಇಟ್ಟೆ. ಒಂದೊಂದನ್ನೇ ಮುಟ್ಟಿ ಏಳರವರೆಗೆ ಎಣಿಸಿದ. ಒಂದೂ ತಪ್ಪಲಿಲ್ಲ. "ಹಾಗಾದರೆ ಎಷ್ಟಿದೆ?" ಅಂದೆ. ಮತ್ತೆ ಒಂದರಿಂದ ಶುರು ಮಾಡಿದ. ಇನ್ನೊಮ್ಮೆ ಕೇಳಿದೆ, ಇನ್ನೊಮ್ಮೆ ಎಣಿಸಿದ. ಮೂರನೇ ಸಲ ನನ್ನ ಮುಖ ನೋಡಿದ, ಈ ಮಿಸ್‌ಗೆ ಏನಾಗಿದೆ ಅನ್ನೋ ಹಾಗೆ. "ನನಗೆ ಮೂರು ಕೊಡು" ಅಂದರೆ ಹಿಡಿ ತುಂಬ ಬಾಚಿ ಕೊಟ್ಟ.

ಅವನಿಗೆ ಎಣಿಕೆಯ ಹಾಡು ಬರುತ್ತಿತ್ತು. ಒಂದು ಗುಂಡಿಗೆ ಒಂದೇ ಸಂಖ್ಯೆ ಅನ್ನೋದೂ ಬರುತ್ತಿತ್ತು. ಆದರೆ ಕೊನೆಗೆ ಹೇಳಿದ ಸಂಖ್ಯೆಯೇ "ಎಷ್ಟು" ಅನ್ನೋದಕ್ಕೆ ಉತ್ತರ ಅಂತ ಇನ್ನೂ ಹೊಳೆದಿರಲಿಲ್ಲ. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಅನ್ನೋ ಸಂಶೋಧಕರು 1978ರಲ್ಲಿ ಎಣಿಕೆಯನ್ನು ಐದು ತತ್ವಗಳಾಗಿ ಬಿಡಿಸಿಟ್ಟರು. ಈ ಮೂರೂ ಅದರೊಳಗೆ ಬೇರೆ ಬೇರೆಯಾಗಿ ಬರುತ್ತವೆ. ತರಬೇತಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದು ಕಣ್ಣಿಗೆ ಬಿದ್ದಿದ್ದು ಮಾತ್ರ ಆ ದಿನ.

ಮರುದಿನದ ಯೋಜನೆ ಒಂದೇ ಸಾಲು: "ಐದು ಗೊಂಬೆ ಕೂರಿಸು. ಟೋಪಿ ಆ ಕಡೆಯ ಕಪಾಟಿನಲ್ಲಿರಲಿ. ಎಲ್ಲರಿಗೂ ಸಾಕಾಗುವಷ್ಟು ಒಂದೇ ಸಲಕ್ಕೆ ತರಬೇಕು." ಒಂದೇ ಸಲಕ್ಕೆ ಅನ್ನೋದೇ ಅದರ ಗುಟ್ಟು. ಒಂದೊಂದಾಗಿ ತರಲು ಬಿಟ್ಟರೆ ಎಣಿಸುವ ಅಗತ್ಯವೇ ಬೀಳುವುದಿಲ್ಲ. ಮೊದಲ ದಿನ ತೋಳು ತುಂಬ ತಂದ. ಆಮೇಲೆ ಮೂರು ತಂದು ಪೆಚ್ಚಾದ. ಎರಡು ವಾರ ಬೇರೆ ಬೇರೆ ರೂಪದಲ್ಲಿ ಇದೇ ಆಟ. ಒಂದು ಬೆಳಗ್ಗೆ ಕಪಾಟಿನ ಮುಂದೆ ನಿಂತು ಗೊಣಗುತ್ತಾ ಎತ್ತಿಕೊಂಡ. ಐದಕ್ಕೆ ನಿಂತ. ಒಂದು ಗಳಿಗೆ ಯೋಚಿಸಿ "ಸಾಕು" ಅಂದ. ಆ "ಸಾಕು" ನನ್ನ ಪುಸ್ತಕದಲ್ಲಿ ಇವತ್ತಿಗೂ ಇದೆ.

ಹಾಗಾಗಿ ನನ್ನ ಲೆಕ್ಕದಲ್ಲಿ ನೋಡುವುದು ಮೊದಲು, ಯೋಜನೆ ಆಮೇಲೆ. ಇವತ್ತು ಕಂಡದ್ದರಿಂದ ನಾಳೆಗೆ ಒಂದು ಸಾಲಾದರೂ ಹುಟ್ಟದಿದ್ದರೆ ಆ ಬರವಣಿಗೆ ಬರೀ ದಾಖಲೆ.

ಯಾವಾಗ ಬರೆಯೋದು ಅಂದಿರಿ. 18 ಮಕ್ಕಳನ್ನೂ ದಿನಾ ನೋಡಲು ಹೋಗಬೇಡಿ, ಯಾರೂ ಕಾಣುವುದಿಲ್ಲ. ದಿನಕ್ಕೆ ಮೂರೇ ಮಕ್ಕಳು. ಆರು ದಿನಕ್ಕೆ ಒಂದು ಸುತ್ತು ಆಯಿತು. ಆ ಮೂರು ಹೆಸರು ಬೆಳಗ್ಗೆಯೇ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ. ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ಗಲಾಟೆ ಮಾಡುವವರು ಮತ್ತು ಮುದ್ದಾಗಿ ಮಾತಾಡುವವರು ಪುಸ್ತಕ ತುಂಬಿಬಿಡುತ್ತಾರೆ. ನಡುವಿನ ಹತ್ತು ಮಕ್ಕಳು ಇದ್ದೂ ಇಲ್ಲದ ಹಾಗೆ. ನಿಮಗೆ ನೆನಪಿಗೆ ಬರುವ ಆ ನಾಲ್ಕೈದು ಮುಖ ಯಾರವು ಅಂತ ಒಮ್ಮೆ ನೋಡಿಕೊಳ್ಳಿ.

ಬರೆಯುವಾಗ ಕಂಡದ್ದನ್ನು ಬರೆಯಿರಿ, ನಿಮಗೆ ಅನ್ನಿಸಿದ್ದನ್ನು ಅಲ್ಲ. "ಹಠಮಾರಿ, ಹಂಚಿಕೊಳ್ಳುವುದಿಲ್ಲ" ಅಂತ ನಾನು ಬರೆದದ್ದನ್ನು ಆಮೇಲೆ ಹೀಗೆ ತಿದ್ದಿದೆ: "10.20, ಮರಳಿನ ಮೂಲೆ. ಕೆಂಪು ಬಕೆಟ್ ಎರಡು ಕೈಯಲ್ಲಿ ಹಿಡಿದಿದ್ದಳು. ಪಕ್ಕದವನು ಎಳೆದ. 'ಇನ್ನೂ ತುಂಬಿಲ್ಲ' ಅಂದಳು. ಮೂರು ಸಲ ಮರಳು ಹಾಕಿ ಮಟ್ಟ ಮಾಡಿದಳು. ತುಂಬಿದ ಮೇಲೆ ಅವನ ಕಡೆ ತಳ್ಳಿದಳು." ಅವಳು ಹಠ ಹಿಡಿದಿರಲಿಲ್ಲ, ಕೈಲಿದ್ದ ಕೆಲಸ ಮುಗಿಸುತ್ತಿದ್ದಳು ಅಷ್ಟೆ. ಮಗುವಿನ ಮಾತನ್ನು ಮಾತ್ರ ಹೇಳಿದ ಹಾಗೇ ಬರೆಯಿರಿ, ವ್ಯಾಕರಣ ತಿದ್ದಬೇಡಿ.

ಎರಡನೇ ಉತ್ತರ (ಹೊಸ ಶಿಕ್ಷಕಿಯರಿಗೆ ತರಬೇತಿ ಕೊಡುವವರು)

ಮೇಲಿನವರ ಮಾತು ಬಹುಪಾಲು ಒಪ್ಪುತ್ತೇನೆ, ಆದರೆ ಒಂದು ತಕರಾರಿದೆ. ಒಂದೇ ಸಾಲಿನ ಯೋಜನೆ 16 ವರ್ಷ ಆದವರಿಗೆ ಸಾಕು. ಉಳಿದದ್ದೆಲ್ಲ ಅವರ ತಲೆಯಲ್ಲಿ ಇರುತ್ತದೆ. ಮೊದಲ ವರ್ಷದವರು ಒಂದೇ ಸಾಲು ಹಿಡಿದುಕೊಂಡು ಒಳಗೆ ಹೋದರೆ 18 ಮಕ್ಕಳ ನಡುವೆ ಕಂಗಾಲಾಗುತ್ತಾರೆ. ಅರ್ಧ ಪುಟ ಬರೆಯಿರಿ.

ಆ ಅರ್ಧ ಪುಟದಲ್ಲಿ ನಾನು ಕೇಳುವುದು ನಾಲ್ಕು. ಮಕ್ಕಳ ಕೈಗೆ ಏನು ಕೊಡುತ್ತೀರಿ, ನೀವು ಕೇಳುವ ಎರಡು ಪ್ರಶ್ನೆ ಯಾವುದು, ತೀರಾ ಸುಲಭ ಆದವರಿಗೆ ಏನು, ಕಷ್ಟ ಆದವರಿಗೆ ಏನು. ಕೊನೆಯ ಎರಡನ್ನು ಯಾರೂ ಬರೆಯುವುದಿಲ್ಲ, ಪಾಠ ಕುಸಿಯುವುದೂ ಅಲ್ಲೇ. ಮಗು ಒಂಟಿಯಾಗಿ ಮಾಡಬಲ್ಲದ್ದು ಒಂದು, ಯಾರಾದರೂ ಸ್ವಲ್ಪ ಕೈ ಕೊಟ್ಟರೆ ಮಾಡಬಲ್ಲದ್ದು ಇನ್ನೊಂದು. ಕಲಿಸುವ ಜಾಗ ಇವೆರಡರ ನಡುವೆ ಇದೆ ಅಂದದ್ದು ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ. ಟೋಪಿಯ ಆಟ ಕೆಲಸ ಮಾಡಿದ್ದು ಅದಕ್ಕೇ, ಅದು ಸರಿಯಾಗಿ ಆ ನಡುವಿನಲ್ಲಿ ಬಿತ್ತು.

ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದನ್ನೂ ಯೋಜನೆಯಲ್ಲೇ ಬರೆದುಕೊಳ್ಳಿ. ತಮಾಷೆ ಅಲ್ಲ. ಮೇರಿ ಬಡ್ ರೋ ಅನ್ನೋರು ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದರು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಕಾಯುತ್ತಿದ್ದರು, ಅಷ್ಟೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ತಾವಾಗಿ ಮಾತಾಡುವವರೂ ಜಾಸ್ತಿಯಾದರು. ಇನ್ನೂ ಮಾತು ಕೂಡಿಸುತ್ತಿರುವ ಮೂರು ವರ್ಷದ ಮಗುವಿಗೆ ನಾನು ಐದರವರೆಗೆ ಮನಸ್ಸಿನಲ್ಲೇ ಎಣಿಸುತ್ತೇನೆ. ಮೊದಮೊದಲು ಆ ಮೌನ ಯುಗದ ಹಾಗೆ ಅನ್ನಿಸುತ್ತದೆ.

ಇನ್ನು ಆ ಇರುವೆ ಸಾಲು. "ಪಾಠ ಅಲ್ಲಿಗೆ ಮುಗಿಯಿತು" ಅಂದಿರಿ. ಆ ಹೊತ್ತಿನಲ್ಲಿ ಯಾರು ಬಗ್ಗಿ ನೋಡಿದರು, ಯಾರು ಎಲೆ ಅಡ್ಡ ಇಟ್ಟರು, ಯಾರು ಹಿಂದೆ ಸರಿದರು, ಯಾರು ಏನಂದರು ಅಂತ ಈಗ ಹೇಳಬಲ್ಲಿರಾ? ಹೇಳಬಲ್ಲಿರಾದರೆ ನಾಲ್ಕು ಮಕ್ಕಳ ಬರಹ ಆಗಲೇ ನಿಮ್ಮ ಕೈಯಲ್ಲಿದೆ.

ಮೂರನೇ ಉತ್ತರ

ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಬರೆಯಲು ಸಮಯ ಇಲ್ಲ ಅಂತ ಮೊಬೈಲಲ್ಲಿ ಫೋಟೊ ತೆಗೆಯತೊಡಗಿದೆ. ತಿಂಗಳಿಗೆ ಮುನ್ನೂರು ಫೋಟೊ ಆಯಿತು. ಒಂದರಲ್ಲೂ ಆ ಮಗು ಏನು ಮಾಡುತ್ತಿತ್ತು ಅಂತ ನೆನಪಿಲ್ಲ. ಮೊಬೈಲ್ ಎತ್ತಿದ ಕೂಡಲೇ ಮಕ್ಕಳು ಕೆಲಸ ಬಿಟ್ಟು ಹಲ್ಲು ಕಿರಿದು ನಿಲ್ಲುತ್ತಿದ್ದರು, ಅದು ಬೇರೆ. ಈಗ ಮಾಡಿ ಮುಗಿದ ಕೆಲಸದ ಫೋಟೊ ಮಾತ್ರ, ಅದರ ಜೊತೆ ಮಗು ಹೇಳಿದ ಒಂದು ವಾಕ್ಯ. ಮನೆಯವರ ಒಪ್ಪಿಗೆ ಮೊದಲೇ ಪಡೆದಿರಬೇಕು, ಅದನ್ನು ಹೇಳಬೇಕಾಗಿಲ್ಲ ಅಲ್ವಾ.

ಇನ್ನೊಂದು ಮಾತು. "ಭಾಗವಹಿಸುವುದಿಲ್ಲ" ಅನ್ನೋ ಪದ ಬರೆಯುವ ಮುಂಚೆ ಹತ್ತು ಸಲ ಯೋಚಿಸಿ. ನನ್ನ ತರಗತಿಯಲ್ಲಿ ಒಂದು ಹುಡುಗಿ ಎರಡು ತಿಂಗಳು ಗೋಡೆಗೆ ಒರಗಿ ನಿಂತೇ ಇದ್ದಳು. ಬ್ಲಾಕ್ ಮುಟ್ಟಲಿಲ್ಲ, ಯಾರ ಜೊತೆಯೂ ಸೇರಲಿಲ್ಲ. ನಾನು ಅದೇ ಪದ ಬರೆದಿದ್ದೆ. ಒಂದು ದಿನ ಒಗಟಿನ ಚಿತ್ರದ ಒಂದು ತುಂಡು ಕಳೆದು ಎಲ್ಲರೂ ಹುಡುಕುತ್ತಿದ್ದರು. ನಿಂತ ಜಾಗದಿಂದಲೇ "ಅದು ನಿನ್ನೆ ಅವನು ನೀಲಿ ಡಬ್ಬಿಗೆ ಹಾಕಿದ" ಅಂದಳು. ಇತ್ತು. ಆಮೇಲೆ ಒಂದೊಂದಾಗಿ ಕೇಳಿದೆ. ಯಾವ ಸಾಮಾನು ಎಲ್ಲಿದೆ, ಯಾರಿಗೆ ಯಾವುದು ಇಷ್ಟ, ಯಾವ ಆಟಕ್ಕೆ ಏನು ನಿಯಮ, ಎಲ್ಲ ಬಾಯಲ್ಲೇ ಇತ್ತು. ಮಿಲ್ಡ್ರೆಡ್ ಪಾರ್ಟನ್ ಅನ್ನೋ ಸಂಶೋಧಕಿ 1932ರಲ್ಲಿ ಮಕ್ಕಳ ಆಟವನ್ನು ಆರು ಬಗೆಯಾಗಿ ವಿಂಗಡಿಸಿದಾಗ ಬೇರೆಯವರ ಆಟ ನೋಡುತ್ತಾ ನಿಲ್ಲುವುದಕ್ಕೂ ಅದರಲ್ಲಿ ಒಂದು ಜಾಗ ಕೊಟ್ಟಿದ್ದರು. ನಾನು ಕೊಟ್ಟಿರಲಿಲ್ಲ.

ನಾಲ್ಕನೇ ಉತ್ತರ (ಸಹಾಯಕ ಶಿಕ್ಷಕ)

ಸಮಯ ಮತ್ತು ಜಾಗ ಬರೆಯುವುದು ಸುಮ್ನೆ ಶಿಸ್ತಿಗೆ ಅಂದುಕೊಂಡಿದ್ದೆ. ನಮ್ಮಲ್ಲಿ ಒಬ್ಬ ಹುಡುಗ ಕರೆದರೆ ತಿರುಗುತ್ತಿರಲಿಲ್ಲ, ಎದ್ದು ಬನ್ನಿ ಅಂದರೆ ಕೂತೇ ಇರುತ್ತಿದ್ದ. ಕೆಲವು ದಿನ ಎಲ್ಲ ಸರಿ. ಎಲ್ಲರೂ "ಮೊಂಡ" ಅಂತಲೇ ಅನ್ನುತ್ತಿದ್ದರು. ಆರು ವಾರದ ಚೀಟಿ ಒಟ್ಟಿಗೆ ಹರಡಿಕೊಂಡು ನೋಡಿದೆ. ಮಾತು ಕೇಳದ ಹೆಚ್ಚಿನ ಸಲ ಅವನು ನಮಗೆ ಬೆನ್ನು ಹಾಕಿದ್ದ, ಇಲ್ಲವೇ ಕೋಣೆಯಲ್ಲಿ ಗದ್ದಲ ಇತ್ತು. ಮುಖ ನೋಡಿ ಹೇಳಿದಾಗ ಒಮ್ಮೆಯೂ ತಪ್ಪಿರಲಿಲ್ಲ. ಮನೆಯವರ ಮುಂದೆ ಚೀಟಿಗಳನ್ನೇ ಇಟ್ಟೆವು. ರೋಗದ ಹೆಸರು ನಾವು ಹೇಳಲಿಲ್ಲ, ಅದು ನಮ್ಮ ಕೆಲಸ ಅಲ್ಲ. ಕಿವಿ ತೋರಿಸಿ ಅಂದೆವು ಅಷ್ಟೆ. ಕಿವಿಯ ಪರದೆಯ ಹಿಂದೆ, ನಡುಭಾಗದಲ್ಲಿ, ದ್ರವ ತುಂಬಿಕೊಂಡಿತ್ತಂತೆ. ಚಿಕ್ಕ ಮಕ್ಕಳಲ್ಲಿ ಇದು ಸಾಮಾನ್ಯ. ಕೇಳಿಸುವುದು ಒಂದು ವಾರ ಸರಿ, ಒಂದು ವಾರ ಮಂದ. ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ಅವನನ್ನು ಗದರಿದ ದಿನಗಳೂ ಆ ಚೀಟಿಗಳಲ್ಲೇ ಇದ್ದವು, ಓದಲು ಕಷ್ಟವಾಯಿತು.

ಮತ್ತೆ, ಬರೆಯಲು ಕೈಯೇ ಓಡದ ದಿನಕ್ಕೆ ಒಂದು ಉಪಾಯ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಫೆರ್ ಲಾವರ್ಸ್ ಮಾಡಿದ ಐದು ಹಂತದ ಅಳತೆ ಇದೆ. ಮಗುವನ್ನು ಎರಡು ನಿಮಿಷ ನೋಡಿ, ಕೆಲಸದಲ್ಲಿ ಎಷ್ಟು ಮುಳುಗಿದೆ ಅಂತ 1ರಿಂದ 5ರೊಳಗೆ ಒಂದು ಅಂಕ. ಮಗು ನೆಮ್ಮದಿಯಾಗಿದೆಯಾ ಅನ್ನೋದಕ್ಕೆ ಇನ್ನೊಂದು. ಅಂಕ ಮಗುವಿಗೆ ಅಲ್ಲ, ನಾವು ಕೊಟ್ಟ ಚಟುವಟಿಕೆಗೆ. ನಮ್ಮ ಬಣ್ಣದ ಹಾಳೆಗೆ ಹತ್ತು ಮಕ್ಕಳಿಂದ ಬರೀ 2 ಬಂತು. ಅದೇ ದಿನ ಆ ಹಾಳೆ ಬಂದಿದ್ದ ಖಾಲಿ ರಟ್ಟಿನ ಪೆಟ್ಟಿಗೆಗೆ 5.

ಪ್ರಶ್ನೆ ಕೇಳಿದವರು, ಹತ್ತು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಅರ್ಧ ಪುಟಕ್ಕೆ ಇಳಿದಿದ್ದೇನೆ, ರಾತ್ರಿ ಬೇಗ ಮಲಗುತ್ತಿದ್ದೇನೆ. ಮೂರು ಹೆಸರಿನ ಚೀಟಿ ಎರಡು ದಿನ ಜೇಬಲ್ಲೇ ಉಳಿದು ಬಟ್ಟೆ ಜೊತೆ ಒಗೆದುಹೋಯಿತು. ಉಳಿದ ದಿನ ಬರೆದೆ.

ಇರುವೆ ಮತ್ತೆ ಬಂದವು. ಈ ಸಲ ಯೋಜನೆಯಲ್ಲೇ ಇದ್ದವು. "ಒದ್ದೆ ಬಟ್ಟೆಯಿಂದ ಸಾಲಿನ ನಡುವೆ ಒಂದು ಕಡೆ ಒರೆಸು, ಏನೂ ಹೇಳಬೇಡ, ಐದರವರೆಗೆ ಎಣಿಸು" ಅಂತ ಬರೆದುಕೊಂಡಿದ್ದೆ. ಒರೆಸಿದೆ. ಇರುವೆಗಳು ಅಲ್ಲಿಗೆ ಬಂದು ನಿಂತು ಅತ್ತ ಇತ್ತ ತಿರುಗತೊಡಗಿದವು. ಐದಕ್ಕೆ ಯಾರೂ ಮಾತಾಡಲಿಲ್ಲ. ಹತ್ತಕ್ಕೂ ಇಲ್ಲ. ಆಮೇಲೆ, ಇದುವರೆಗೆ ನನ್ನ ಬರಹದಲ್ಲಿ ಒಮ್ಮೆಯೂ ಬಾರದ ಒಬ್ಬ ಹುಡುಗ "ಮಿಸ್, ನೀವು ಅವುಗಳ ದಾರಿ ಅಳಿಸಿಬಿಟ್ರಿ" ಅಂದ. ಇನ್ನೊಬ್ಬಳು "ದಾರಿ ಕಾಣ್ತಾನೇ ಇಲ್ವಲ್ಲ" ಅಂದಳು. ಅವನು ನೆಲಕ್ಕೆ ಮೂಗು ತಾಗಿಸಿ ಮೂಸಿದ. ನಾನು ಏನೂ ಹೇಳಿಕೊಟ್ಟಿರಲಿಲ್ಲ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಈ ಚೀಟಿಗಳನ್ನು ತಾರೀಖಿನ ಪ್ರಕಾರ ಇಡಲಾ, ಮಗುವಿನ ಪ್ರಕಾರವಾ?

ಮೊದಲ ಉತ್ತರದವರು ಮತ್ತೆ

ಮಗುವಿನ ಪ್ರಕಾರ. ಒಂದು ಮಗುವಿಗೆ ಒಂದು ಹಾಳೆ, ಅದರ ಮೇಲೆ ಚೀಟಿ ಅಂಟಿಸುತ್ತಾ ಹೋಗಿ. ತಿಂಗಳ ನಡುವೆ ಒಮ್ಮೆ ಹಾಳೆ ತಿರುವಿ ನೋಡಿದರೆ ಯಾವುದು ಖಾಲಿ ಇದೆ ಅಂತ ತಾನಾಗಿ ಕಾಣುತ್ತದೆ. ಮರುದಿನದ ಮೂರು ಹೆಸರು ಅಲ್ಲಿಂದಲೇ ತೆಗೆದುಕೊಳ್ಳಿ. ಆ ಮೂಸಿದ ಹುಡುಗನ ಚೀಟಿ ಮೊದಲು ಅಂಟಿಸಿ, ಅದೂ ಒಗೆದುಹೋಗುವ ಮುಂಚೆ.