ನ್ಯೂಜೆರ್ಸಿಯಿಂದ ಟೊರೊಂಟೊಗೆ ಕಾರಿನಲ್ಲಿ: ವಾಪಸ್ ಬರುವಾಗ ಯಾರಿಗೆ ಏನು ಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಯಜಮಾನರ ಅಕ್ಕ ಟೊರೊಂಟೊ ಪಕ್ಕದ ಮಿಸಿಸಾಗದಲ್ಲಿದ್ದಾರೆ. ಅವರ ಮಗುವಿನ ನಾಮಕರಣಕ್ಕೆ ಕಾರಿನಲ್ಲೇ ಹೋಗೋಣ ಅಂತಿದ್ದೇವೆ. ಯಜಮಾನರದು ಎಚ್-1ಬಿ ಕೆಲಸದ ವೀಸಾ, ನನ್ನದು ಅವರ ಹೆಂಡತಿಯಾಗಿ ಸಿಕ್ಕಿರುವ ಎಚ್-4. ಪಾಸ್‌ಪೋರ್ಟ್‌ನಲ್ಲಿರುವ ಅಮೆರಿಕದ ಸ್ಟಾಂಪ್, ಅಂದರೆ ಅಂಟಿಸಿದ ವೀಸಾ, ಮುಗಿದು ವರ್ಷವಾಯಿತು. ಆದರೆ ಇಲ್ಲಿ ಇರುವ ಅವಧಿಗೆ ಎಕ್ಸ್‌ಟೆನ್ಷನ್ ಆಗಿದೆ. ಇಬ್ಬರಿಗೂ ಕೆನಡಾ ವೀಸಾ ಬಂದಿದೆ. ಐದು ವರ್ಷದ ಮಗಳು ಇಲ್ಲೇ ಹುಟ್ಟಿದವಳು. ಅತ್ತೆ ಊರಿಂದ ಬಂದಿದ್ದಾರೆ, ಹತ್ತು ವರ್ಷದ ಬಿ-2 ಪ್ರವಾಸಿ ವೀಸಾ ಇದೆ. ಅದರಲ್ಲೇ ಕೆನಡಾಗೂ ಹೋಗಬಹುದು ಅಂತ ಯಾರೋ ಹೇಳಿದರು, ಹೌದಾ? ಹೇಗೂ ಹೋಗುತ್ತೇವಲ್ಲ, ಟೊರೊಂಟೊದಲ್ಲೇ ಸ್ಟಾಂಪಿಂಗ್ ಮುಗಿಸಿಕೊಂಡು ಬರೋಣ ಅಂತ ಯಜಮಾನರ ಯೋಚನೆ.

ಉತ್ತರ: ಮೊದಲು ಅತ್ತೆಯವರ ವಿಷಯ, ಯಾಕೆಂದರೆ ಕೆಲಸ ಬಾಕಿ ಇರುವುದು ಅಲ್ಲೇ. ಅಮೆರಿಕದ ವೀಸಾ ತೋರಿಸಿ ಕೆನಡಾ ಒಳಗೆ ಹೋಗಲು ಆಗುವುದಿಲ್ಲ. ಭಾರತದ ಪಾಸ್‌ಪೋರ್ಟ್‌ಗೆ ಕೆನಡಾ ವಿಸಿಟರ್ ವೀಸಾ ಬೇಕೇ ಬೇಕು. ಅವರು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಶುಲ್ಕ 100 ಕೆನಡಾ ಡಾಲರ್, ಬೆರಳಚ್ಚಿಗೆ 85. ಕಳೆದ ಹತ್ತು ವರ್ಷದಲ್ಲಿ ಕೆನಡಾಗೆ ಬೆರಳಚ್ಚು ಕೊಟ್ಟಿದ್ದರೆ ಮತ್ತೆ ಬೇಡ. ಒಪ್ಪಿಗೆ ಸಿಕ್ಕ ಮೇಲೆ ಪಾಸ್‌ಪೋರ್ಟ್ ಕಳಿಸಿ ವೀಸಾ ಅಂಟಿಸಿಕೊಳ್ಳಬೇಕು. ಇದಕ್ಕೆಲ್ಲ ಇಷ್ಟೇ ದಿನ ಅಂತಿಲ್ಲ. ನಾಮಕರಣಕ್ಕೆ ಮುಹೂರ್ತ ಇಟ್ಟಿಲ್ಲ ಅಂದರೆ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಪುರೋಹಿತರನ್ನು ಕೇಳಬೇಡಿ.

ಇನ್ನು ನೀವಿಬ್ಬರು. ಸ್ಟಾಂಪ್ ಮುಗಿದಿದ್ದರೂ ವಾಪಸ್ ಬರಲು ದಾರಿ ಇದೆ, ಅದಕ್ಕೆ ಆಟೋಮ್ಯಾಟಿಕ್ ರೀವ್ಯಾಲಿಡೇಷನ್ ಅನ್ನುತ್ತಾರೆ. ಕೆನಡಾ ಅಥವಾ ಮೆಕ್ಸಿಕೊಗೆ ಮಾತ್ರ ಹೋಗಿ 30 ದಿನದೊಳಗೆ ಬಂದುಬಿಟ್ಟರೆ, ಐ-94 (ಅಮೆರಿಕದಲ್ಲಿ ಯಾವಾಗಿನವರೆಗೆ ಇರಬಹುದು ಅಂತ ಹೇಳುವ ದಾಖಲೆ) ಚಾಲ್ತಿಯಲ್ಲಿದ್ದರೆ, ಹಳೇ ಸ್ಟಾಂಪೇ ನಡೆಯುತ್ತದೆ. ಆದರೆ ಅಲ್ಲಿದ್ದಾಗ ಹೊಸ ವೀಸಾಗೆ ಅರ್ಜಿ ಹಾಕಿದಿರೋ, ಈ ಅನುಕೂಲ ಅಲ್ಲಿಗೇ ಮುಗಿಯಿತು. ವೀಸಾ ಕೊಡುವವರೆಗೆ ಮಿಸಿಸಾಗದಲ್ಲೇ ಇರಬೇಕು. ನಾಲ್ಕು ದಿನಕ್ಕೆ ಅಂತ ಹೋಗಿ ತಿಂಗಳುಗಟ್ಟಲೆ ಅಕ್ಕನ ಮನೆಯಲ್ಲೇ ಉಳಿದವರ ಫೈಲು ನಾನು ನೋಡಿದ್ದೇನೆ. ಒಂದೇ ಪ್ರಯಾಣದಲ್ಲಿ ಎರಡು ಕೆಲಸ ಬೇಡ ಅಂತ ಯಜಮಾನರಿಗೆ ಹೇಳಿ.

ಈಗಲೇ ಎದ್ದು ಫೈಲಿನಿಂದ ಐ-797ಎ, ಅಂದರೆ ಎಕ್ಸ್‌ಟೆನ್ಷನ್‌ಗೆ ಒಪ್ಪಿಗೆ ಕೊಟ್ಟ ಹಾಳೆ ತೆಗೆಯಿರಿ. ಕೆಳಗೆ ಕತ್ತರಿಸಿಕೊಳ್ಳಲು ಬಿಟ್ಟಿರುವ ಒಂದು ತುಂಡು ಇರುತ್ತದೆ. ಅದೇ ನಿಮ್ಮ ಈಗಿನ ಐ-94. ಜಾಸ್ತಿ ಜನ ಅದನ್ನು ನೋಡಿಯೇ ಇರುವುದಿಲ್ಲ. ಹಿಂದೆ ವಿಮಾನದಲ್ಲಿ ಬಂದಾಗ ಸಿಕ್ಕಿದ ಹಳೇ ತಾರೀಖಿನ ಪ್ರಿಂಟನ್ನೇ ಹಿಡಿದುಕೊಂಡು ಹೋಗುತ್ತಾರೆ. ಇನ್ನೊಂದು ಮಾತು: ಎಚ್-4ಗೆ ಬೇರೆಯೇ ಹಾಳೆ ಬರಬೇಕು. ಯಜಮಾನರದು ಆಗಿ ನಿಮ್ಮದು ಇನ್ನೂ ಪೆಂಡಿಂಗ್ ಅಂದರೆ, ಹೊರಡುವ ಮೊದಲು ನನಗೆ ಮತ್ತೆ ಬರೆಯಿರಿ. ಎರಡರ ಒರಿಜಿನಲ್ಲೂ ಜೊತೆಗಿರಲಿ. ಗಡಿಯಲ್ಲಿ ಯಾರಾದರೂ ಸುಮ್ನೆ ಪೇಪರ್ ಕೇಳಿ ತೆಗೆದುಕೊಂಡರೂ ಐ-94 ವಾಪಸ್ ಇಸಿದುಕೊಳ್ಳಿ. ಈ 30 ದಿನದ ಅನುಕೂಲ ಕೊಡುವ 22 ಸಿಎಫ್ಆರ್ 41.112(ಡಿ) ಅನ್ನುವ ಅಮೆರಿಕದ ನಿಯಮದ ಒಂದು ಪ್ರಿಂಟ್ ಇಟ್ಟುಕೊಳ್ಳಿ. ಸ್ಟಾಂಪ್ ಮುಗಿದಿದೆ ಅಂತ ಗಡಿಯ ಬೂತಿನಿಂದ ಒಳಗಿನ ಕಚೇರಿಗೆ ಕಳಿಸಿದರೆ ಕೆಲಸಕ್ಕೆ ಬರುತ್ತದೆ.

ಮಗಳದು ಸುಲಭ. 16 ವರ್ಷದೊಳಗಿನ ಅಮೆರಿಕದ ಮಕ್ಕಳು ರಸ್ತೆಯಲ್ಲಿ ವಾಪಸ್ ಬರಲು ಬರ್ತ್ ಸರ್ಟಿಫಿಕೇಟ್ ಸಾಕು. ಪಾಸ್‌ಪೋರ್ಟ್ ಇದ್ದರೆ ಅದನ್ನೇ ತನ್ನಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಹಾಳೆ ತೆಗೆದು ನೋಡಿದೆ, ನನ್ನದೂ ಇದೆ! ಒಂದು ಬದಲಾವಣೆ. ಯಜಮಾನರು ನಾಲ್ಕು ದಿನಕ್ಕೆ ವಾಪಸ್. ನಾನು, ಮಗಳು, ಅತ್ತೆ ಬಾಣಂತಿ ಜೊತೆ ಆರು ವಾರ ಇದ್ದು ಬಸ್ಸಿನಲ್ಲಿ ಬರಬಹುದಾ?

ಉತ್ತರ: ನೀವು ಇರುವ ಹಾಗಿಲ್ಲ. ಆರು ವಾರ ಅಂದರೆ 42 ದಿನ, ನಿಮಗಿರುವುದು 30. ನಾನಾದರೆ ಮೂರು ವಾರಕ್ಕೇ ಹೊರಡುತ್ತೇನೆ. ಹಿಮ ಬಿದ್ದು ಬಸ್ ನಿಂತಿತು, ಮಗುವಿಗೆ ಜ್ವರ ಬಂತು ಅನ್ನುವುದೆಲ್ಲ ಗಡಿಯಲ್ಲಿ ನಡೆಯುವುದಿಲ್ಲ. ಅತ್ತೆಯವರ ಬಿ-2 ಚಾಲ್ತಿಯಲ್ಲಿದೆ, ಹಾಗಾಗಿ ಈ 30ರ ಲೆಕ್ಕ ಅವರಿಗಿಲ್ಲ. ಬೇಕಾದರೆ ಆರು ವಾರ ಇರಲಿ. ಆದರೆ ಒಬ್ಬರನ್ನೇ ಬಸ್ಸಿಗೆ ಹತ್ತಿಸಬೇಡಿ. ಗಡಿಯಲ್ಲಿ ಎಲ್ಲರೂ ಲಗೇಜ್ ಸಮೇತ ಇಳಿದು ಸಾಲಿನಲ್ಲಿ ನಿಲ್ಲಬೇಕು. ಅಧಿಕಾರಿ ಏನು ಕೇಳಿದರೂ "ಎಸ್ ಎಸ್" ಅನ್ನುವ ಅಮ್ಮಂದಿರು ನಮ್ಮಲ್ಲಿ ಜಾಸ್ತಿ ಅಲ್ವಾ? ಯಜಮಾನರೇ ಹೋಗಿ ಕರೆದುಕೊಂಡು ಬರಲಿ.

ನೀವು ಮಗಳ ಜೊತೆ ಒಬ್ಬರೇ ಬರುವುದಾದರೆ, ಯಜಮಾನರ ಸಹಿ ಇರುವ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳಿ. ಅವರ ಐ-797 ಕಾಪಿಯೂ ಇರಲಿ, ಎಚ್-4 ನಿಂತಿರುವುದೇ ಅದರ ಮೇಲೆ.

ಗುಂಪಿನ ಸದಸ್ಯರೊಬ್ಬರು: ಮೇಡಂ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ನಯಾಗರ ಹತ್ತಿರ ಮ್ಯಾಪ್ ಹೇಳಿದ ಹಾಗೆ ಹೋಗಿ ವರ್ಲ್‌ಪೂಲ್ ಸೇತುವೆಗೆ ಬಿದ್ದಿದ್ದೆ. ಅದು ನೆಕ್ಸಸ್ ಕಾರ್ಡ್ (ಮೊದಲೇ ತಪಾಸಣೆಯಾಗಿ ಗಡಿ ಬೇಗ ದಾಟುವವರ ಕಾರ್ಡ್) ಇದ್ದವರಿಗೆ ಮಾತ್ರ. ಲೂಯಿಸ್ಟನ್ ಅಥವಾ ಬಫಲೋದ ಪೀಸ್ ಬ್ರಿಡ್ಜ್ ಹಾಕಿಕೊಳ್ಳಿ. ಕಾರ್ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ ಕೆನಡಾದಲ್ಲಿ ತೋರಿಸುವ ಇನ್ಶೂರೆನ್ಸ್ ಕಾರ್ಡ್ ಕೇಳಿ. ಟೊರೊಂಟೊ ಹತ್ತಿರದ 407 ಟೋಲ್ ಹೆದ್ದಾರಿಯಲ್ಲಿ ನಮ್ಮ ಟೋಲ್ ಕಟ್ಟುವ ಇ-ಝೆಡ್‌ಪಾಸ್ ನಡೆಯುವುದಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ನೋಡಿ ಬಿಲ್ ಮನೆಗೆ ಕಳಿಸುತ್ತದೆ.

ಪ್ರಶ್ನೆ: ಕೊನೆಯದು ಮೇಡಂ. ಮಗುವಿಗೆ ಚಿನ್ನದ ಬಳೆ ಕೊಡುತ್ತಿದ್ದೇವೆ. ಬರುವಾಗ ಅವರ ಮನೆಯ ಕರಿಬೇವಿನ ಸಸಿ ತರಬೇಕು ಅಂತ ಅತ್ತೆಗೆ ಆಸೆ.

ಉತ್ತರ: ಉಡುಗೊರೆ 60 ಕೆನಡಾ ಡಾಲರ್‌ವರೆಗೆ ತೆರಿಗೆ ಇಲ್ಲ. ಬಳೆ ಅದಕ್ಕಿಂತ ಜಾಸ್ತಿಯದೇ ಇರುತ್ತದೆ, ಬಿಲ್ ಇಟ್ಟುಕೊಂಡು ಕೇಳುವ ಮೊದಲೇ ಹೇಳಿಬಿಡಿ. ಅತ್ತೆ ಮೈಮೇಲಿನ ಒಡವೆ ಅವರದೇ, ಚಿಂತೆ ಬೇಡ. ಚಟ್ನಿಪುಡಿ, ಸಾರಿನಪುಡಿ ಒಯ್ಯಬಹುದು, ಮೇಲೆ ಹೆಸರು ಬರೆದಿರಲಿ.

ಕರಿಬೇವು ಮಾತ್ರ ಬೇಡ. ಸಸಿಯೂ ಬೇಡ, ಹಸಿ ಎಲೆಯೂ ಬೇಡ. ಕಿತ್ತಳೆ, ನಿಂಬೆ ಗಿಡಗಳನ್ನು ಕೊಲ್ಲುವ ರೋಗ ಹರಡುವ ಪುಟ್ಟ ಹುಳ ಕರಿಬೇವಿನ ಮೇಲೂ ಕೂರುತ್ತದೆ. ಅದಕ್ಕೇ ಅಮೆರಿಕದವರು ಅದನ್ನು ಒಳಗೆ ಬಿಡುವುದಿಲ್ಲ. ಮರೆತು ಬ್ಯಾಗಿನಲ್ಲಿ ಉಳಿದಿದ್ದರೆ ಬೂತಿನಲ್ಲೇ ಹೇಳಿ. ಹೇಳಿದರೆ ಕಿತ್ತುಕೊಂಡು ಬಿಡುತ್ತಾರೆ, ಹೇಳದಿದ್ದರೆ ದಂಡ ಬೀಳಬಹುದು. ಅತ್ತೆಗೆ ನ್ಯೂಜೆರ್ಸಿಯಲ್ಲೇ ಒಂದು ಸಸಿ ಹುಡುಕಿ ಕೊಡಿಸಿ.