ಗೇಮ್ ನಡುವೆ ಪಿಸಿ ತಾನಾಗೇ ರೀಸ್ಟಾರ್ಟ್: ಬಿಸಿಯೋ, ಪವರ್ ಸಪ್ಲೈಯೋ?

ಕಪ್ಪುಪರದೆ (ಪ್ರಶ್ನೆ):
ಭಾರೀ ಗೇಮ್ ಹಾಕಿದ್ರೆ ಸ್ವಲ್ಪ ಹೊತ್ತಿಗೆಲ್ಲ ಸ್ಕ್ರೀನ್ ಕಪ್ಪಾಗಿ ಪಿಸಿ ತಾನಾಗೇ ರೀಸ್ಟಾರ್ಟ್ ಆಗ್ತಿದೆ. ಬ್ಲೂ ಸ್ಕ್ರೀನ್ ಬರಲ್ಲ. ಬ್ರೌಸರ್, ವಿಡಿಯೋಗೆ ಏನೂ ತೊಂದ್ರೆ ಇಲ್ಲ.

ರೈಜನ್ 5 5600ಎಕ್ಸ್ ಸಿಪಿಯು, ಅದರ ಜೊತೆಗೇ ಬಂದ ಕೂಲರ್, ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್ (ಜಿಪಿಯು), 16 ಜಿಬಿ ರ್‍ಯಾಮ್ (ಅದನ್ನು ಹೆಚ್ಚು ವೇಗದಲ್ಲಿ ಓಡಿಸೋ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್), 650 ವಾಟ್ ಪವರ್ ಸಪ್ಲೈ. ಗೇಮ್ ವೇಳೆ ಬಿಸಿ ತೋರಿಸೋ ಎಚ್‌ಡಬ್ಲ್ಯೂಇನ್ಫೋ ಆ್ಯಪ್‌ನಲ್ಲಿ ಸಿಪಿಯು 89–90 ಡಿಗ್ರಿ, ಜಿಪಿಯು 77, ಹಾಟ್‌ಸ್ಪಾಟ್ (ಜಿಪಿಯು ಚಿಪ್‌ನ ಅತಿ ಬಿಸಿ ಜಾಗ) 108. ವಿಂಡೋಸ್‌ನ ದಾಖಲೆ ತೋರಿಸೋ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಬಿಟ್ರೆ ಏನೂ ಇಲ್ಲ. ಡ್ರೈವರ್ ಹೊಸದಾಗಿ ಹಾಕಿಯಾಯ್ತು. ದೊಡ್ಡ ಕೂಲರ್ ತಗೊಂಡ್ರೆ ಸರಿಹೋಗುತ್ತಾ?

ಸರ್ಕಿಟ್:
ಕೂಲರ್‌ಗೆ ಈಗಲೇ ದುಡ್ಡು ಹಾಕಬೇಡಿ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಇರೋ ಹಾಗಿದೆ.

5600ಎಕ್ಸ್‌ನ ಮಿತಿ 95 ಡಿಗ್ರಿ. ಅದರ ಹತ್ತಿರ ಬಂದಾಗ ಸಿಪಿಯು ಮೊದಲು ವೇಗ ಇಳಿಸಿಕೊಳ್ಳುತ್ತೆ, ಗೇಮ್ ತಡವರಿಸುತ್ತೆ. ಅದಕ್ಕೂ ಬಗ್ಗದೆ ಬಿಸಿ ಏರಿದ್ರೆ ಪಿಸಿ ಸಾಮಾನ್ಯವಾಗಿ ಪೂರ್ತಿ ಆಫ್ ಆಗುತ್ತೆ. ನಿಮ್ಮದು ಆಫ್ ಆಗ್ತಿಲ್ಲ, ರೀಸೆಟ್ ಆಗ್ತಿದೆ. 41 ಅನ್ನೋದು ಕಾರಣ ಅಲ್ಲ. ವಿಂಡೋಸ್ ಸರಿಯಾಗಿ ಮುಚ್ಚಲಿಲ್ಲ ಅಂತಷ್ಟೇ ಅದರ ಅರ್ಥ. ಅದರ ಆಸುಪಾಸಿನಲ್ಲಿ ಡಬ್ಲ್ಯೂಎಚ್‌ಇಎ-ಲಾಗರ್ 18 (ಹಾರ್ಡ್‌ವೇರ್ ದೋಷದ ದಾಖಲೆ) ಇದ್ರೆ ಸಿಪಿಯು ವೋಲ್ಟೇಜ್ ಅಥವಾ ರ್‍ಯಾಮ್ ಸೆಟ್ಟಿಂಗ್ ಮೇಲೆ ಅನುಮಾನ ಪಡಬೇಕು. 4101 ಇದ್ರೆ ಡಿಸ್‌ಪ್ಲೇ ಡ್ರೈವರ್ ಬಿದ್ದಿದೆ. ಎರಡೂ ಇಲ್ಲ ಅಂದ್ರೆ ನನ್ನ ಮೊದಲ ಅನುಮಾನ ಪವರ್ ಸಪ್ಲೈಯಿಂದ ಬರೋ ಕರೆಂಟ್ ಮೇಲೆ.

ಎಚ್‌ಡಬ್ಲ್ಯೂಇನ್ಫೋದಲ್ಲಿ ಪೋಲಿಂಗ್ (ಎಷ್ಟು ಹೊತ್ತಿಗೊಮ್ಮೆ ಅಳತೆ ತಗೊಳ್ಳುತ್ತೆ ಅನ್ನೋದು) 500 ಮಿಲಿಸೆಕೆಂಡ್‌ಗೆ ಇಳಿಸಿ, ಲಾಗಿಂಗ್ ಆನ್ ಮಾಡಿ ಗೇಮ್ ಆಡಿ. ರೀಸ್ಟಾರ್ಟ್ ಆದ್ಮೇಲೆ ಫೈಲ್‌ನ ಕೊನೇ ಸಾಲುಗಳನ್ನು ನೋಡಿ. ಬಿಸಿ ಏರುತ್ತಲೇ ಇತ್ತಾ, ಇಲ್ಲಾ ಬಹಳ ಹೊತ್ತಿನಿಂದ ಒಂದೇ ಮಟ್ಟದಲ್ಲಿ ನಿಂತಿತ್ತಾ? ನಿಂತಿದ್ರೆ ಆ ಕ್ಷಣದ ರೀಸೆಟ್‌ಗೆ ಬಿಸಿ ಕಾರಣ ಆಗಿರೋದು ಕಷ್ಟ.

ಗ್ರಾಫಿಕ್ಸ್ ಕಾರ್ಡ್‌ಗೆ ಎರಡು 8-ಪಿನ್ ಪವರ್ ಸಾಕೆಟ್ ಇದ್ಯಾ? ಇದ್ರೆ ಎರಡಕ್ಕೂ ಬೇರೆ ಬೇರೆ ಕೇಬಲ್ ಹೋಗಿದ್ಯಾ, ಒಂದೇ ಕೇಬಲ್‌ನ ಎರಡು ಬಾಯಾ? ಪಕ್ಕದ ಪ್ಯಾನೆಲ್ ತೆಗೆದು ಒಮ್ಮೆ ಆಡಿ ನೋಡಿ ಹೇಳಿ.

ಕಪ್ಪುಪರದೆ:
ಒಂದೇ ಕೇಬಲ್, ಎರಡು ಬಾಯಿ. ಪ್ಯಾನೆಲ್ ತೆಗೆದ್ರೆ ಸಿಪಿಯು 79ಕ್ಕೆ ಇಳೀತು, ಹಾಟ್‌ಸ್ಪಾಟ್ ಮಾತ್ರ 106. ಲಾಗ್‌ನಲ್ಲಿ ಬಿಸಿ ಒಂದೇ ಮಟ್ಟದಲ್ಲಿದೆ, ಏರುತ್ತಿರಲಿಲ್ಲ.

ಸರ್ಕಿಟ್:
ಹಾಗಾದ್ರೆ ಕೇಬಲ್‌ನಿಂದ ಶುರು ಮಾಡಿ. 3070 ಸರಾಸರಿ ಎಳೆಯೋದು 220 ವಾಟ್. ಆದರೆ ಕೆಲವು ಮಿಲಿಸೆಕೆಂಡ್ ಅದಕ್ಕಿಂತ ಬಹಳ ಮೇಲೆ ಜಿಗಿಯುತ್ತೆ. ಒಂದು 8-ಪಿನ್‌ಗೆ ಲೆಕ್ಕ 150 ವಾಟ್. ಎರಡು ಬಾಯಿಯ ಭಾರವನ್ನೂ ಒಂದೇ ಕೇಬಲ್ ಹೊತ್ತಾಗ ವೋಲ್ಟೇಜ್ ಕುಸಿಯಬಹುದು. ಪವರ್ ಸಪ್ಲೈ ಹಳೇದಾಗಿದ್ರೆ ಇನ್ನೂ ಬೇಗ. ವೋಲ್ಟೇಜ್ ಸರಿಯಿದೆ ಅಂತ ಪವರ್ ಸಪ್ಲೈ ಬೋರ್ಡ್‌ಗೆ ಕೊಡೋ ಪವರ್ ಗುಡ್ ಸಿಗ್ನಲ್ ತಪ್ಪಿದ ತಕ್ಷಣ ಬೋರ್ಡ್ ರೀಸೆಟ್.

ಎರಡನೇ ಕೇಬಲ್ ಆ ಪವರ್ ಸಪ್ಲೈ ಜೊತೆ ಬಂದದ್ದೇ ಆಗಿರಬೇಕು. ಬೇರೆ ಮಾಡೆಲ್‌ನ ಮಾಡ್ಯುಲರ್ (ಬಿಚ್ಚಿ ಹಾಕೋ) ಕೇಬಲ್ ಸರಿಯಾಗಿ ಕೂತರೂ ಪಿನ್ ಜೋಡಣೆ ಬೇರೆ ಇರಬಹುದು. ಹಾಗಿದ್ರೆ ಕಾರ್ಡ್ ಸುಟ್ಟೇ ಹೋಗಬಹುದು.

ಪೇಸ್ಟ್_ಪ್ಯಾಡ್:
ಬಿಸಿ ವಿಷಯ ನಾನು ಹೇಳ್ತೀನಿ. ಪ್ಯಾನೆಲ್ ತೆಗೆದಾಗ ಸಿಪಿಯು 10 ಡಿಗ್ರಿ ಇಳಿದಿದೆ ಅಂದ್ರೆ ಕೂಲರ್ ಸರಿಯಾಗಿದೆ, ಕೇಸ್‌ನಲ್ಲಿ ಗಾಳಿ ಆಡ್ತಿಲ್ಲ. ಮುಂದಿನ ಡಸ್ಟ್ ಫಿಲ್ಟರ್ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಫ್ಯಾನ್ ದಿಕ್ಕು ನೋಡಿ: ಮೋಟರ್ ಹಿಡಿದಿರೋ ಕಡ್ಡಿಗಳು ಕಾಣೋ ಕಡೆಯಿಂದ ಗಾಳಿ ಹೊರಗೆ ಬರುತ್ತೆ. ಮುಂದೆ ಎರಡು ಒಳಕ್ಕೆ, ಹಿಂದೆ ಒಂದು ಹೊರಕ್ಕೆ ಇದ್ರೆ ಈ ಪಿಸಿಗೆ ಸಾಕು. ಧೂಳು ಊದುವಾಗ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ಳಿ, ಸುತ್ತೋಕೆ ಬಿಡಬೇಡಿ. ಬಯಾಸ್‌ನಲ್ಲಿ ಪಿಬಿಒ (ಸಿಪಿಯು ತನ್ನ ವಿದ್ಯುತ್ ಮಿತಿ ಮೀರೋಕೆ ಬಿಡೋ ಸೆಟ್ಟಿಂಗ್) ಆನ್ ಇದ್ರೆ ಆಫ್ ಮಾಡಿ. 76 ವಾಟ್‌ನ ಮಿತಿ ದಾಟೋಕೆ ಬಿಟ್ರೆ ಆ ಸಣ್ಣ ಕೂಲರ್‌ಗೆ ತಡೆಯಲ್ಲ.

ಜಿಪಿಯುದು ಬೇರೆ ಕತೆ. 77ಕ್ಕೂ 108ಕ್ಕೂ 31 ಡಿಗ್ರಿ ಅಂತರ. 10–15 ಇದ್ರೆ ಮಾಮೂಲು. ಪ್ಯಾನೆಲ್ ತೆಗೆದರೂ ಇಳಿಯಲಿಲ್ಲ ಅಂದ್ಮೇಲೆ ಇದು ಗಾಳಿಯ ಸಮಸ್ಯೆ ಅಲ್ಲ: ಕಾದು ಆರಿ, ಕಾದು ಆರಿ, ಚಿಪ್‌ಗೂ ಅದರ ಬಿಸಿ ಹೀರೋ ಲೋಹದ ಹೀಟ್‌ಸಿಂಕ್‌ಗೂ ನಡುವಿನ ಪೇಸ್ಟ್ ಚಿಪ್‌ನ ಅಂಚಿಗೆ ಸರಿದುಹೋಗಿ ಒಂದು ಕಡೆ ಬರಿದಾಗಿದೆ. ವಾರಂಟಿ ಇದ್ರೆ ಮೊದಲು ಅಲ್ಲಿ ಕೇಳಿ. ಇಲ್ಲದಿದ್ರೆ ಬಿಚ್ಚಿ, 90% ಮೇಲ್ಪಟ್ಟ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಗಟ್ಟಿ ಪೇಸ್ಟ್ ತಗೊಂಡು ಚಿಪ್ ಪೂರ್ತಿ ತೆಳ್ಳಗೆ ಹರಡಿ. ಸಿಪಿಯು ಹಾಗಲ್ಲ, ಜಿಪಿಯು ಚಿಪ್ ಮೇಲೆ ಲೋಹದ ಮುಚ್ಚಳ ಇರಲ್ಲ; ಮೂಲೆ ಬಿಟ್ರೆ ಆ ಮೂಲೆಯೇ ಹಾಟ್‌ಸ್ಪಾಟ್. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ, ಒಂದೊಂದಕ್ಕೆ ಅರ್ಧ ಸುತ್ತಿನಂತೆ ಬಿಗಿಯಬೇಕು. ಜನ ಎಡವೋದು ಥರ್ಮಲ್ ಪ್ಯಾಡ್‌ನಲ್ಲಿ (ಅಕ್ಕಪಕ್ಕದ ಚಿಪ್‌ಗಳ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸೋ ಮೆತ್ತನೆ ಪಟ್ಟಿ): 1 ಮಿಮೀ ಇದ್ದ ಕಡೆ 1.5 ಹಾಕಿದ್ರೆ ಹೀಟ್‌ಸಿಂಕ್ ಎತ್ತರಕ್ಕೆ ನಿಂತು ಚಿಪ್ ಮುಟ್ಟೋದೇ ಇಲ್ಲ. ಹರಿಯದಿದ್ರೆ ಹಳೇ ಪ್ಯಾಡನ್ನೇ ಬಿಡಿ.

ಕಪ್ಪುಪರದೆ:
ಎರಡನೇ ಕೇಬಲ್ ಹಾಕಿದ್ಮೇಲೂ ರೀಸ್ಟಾರ್ಟ್ ಆದ್ರೆ ಪವರ್ ಸಪ್ಲೈ ಬದಲಿಸಬೇಕಾ?

ಸರ್ಕಿಟ್:
ಅದಕ್ಕೂ ಮುಂಚೆ ಎಕ್ಸ್‌ಎಂಪಿ ಆಫ್ ಮಾಡಿ ಆಡಿ, ಮೆಮೊರಿ ಪರೀಕ್ಷಿಸೋ ಮೆಮ್‌ಟೆಸ್ಟ್86 ನಾಲ್ಕು ಪಾಸ್ ಓಡಿಸಿ. ಒಂದೇ ಒಂದು ಎರರ್ ಬಂದ್ರೂ ರ್‍ಯಾಮ್ ಸರಿ ಇಲ್ಲ ಅಂತ. ಅದು ದಾಟಿದ್ರೆ ಜಿಪಿಯು ಸೆಟ್ಟಿಂಗ್ ಬದಲಿಸೋ ಆಫ್ಟರ್‌ಬರ್ನರ್ ಆ್ಯಪ್‌ನಲ್ಲಿ ಪವರ್ ಲಿಮಿಟ್ 70%ಗೆ ಇಳಿಸಿ. ಆಗ ರೀಸ್ಟಾರ್ಟ್ ನಿಂತು, 100%ನಲ್ಲಿ ಮತ್ತೆ ಬಂದ್ರೆ ಬೇರೆ ಪವರ್ ಸಪ್ಲೈ ಹಾಕಿ ನೋಡಿ. ಹಳೇದನ್ನು ಮಾತ್ರ ಬಿಚ್ಚೋಕೆ ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಅಪಾಯದ ಮಟ್ಟದ ವೋಲ್ಟೇಜ್ ಉಳಿದಿರುತ್ತೆ.