ಮೂತ್ರದ ಕ್ಯಾಥೆಟರ್ ಮತ್ತು ಆಸ್ಪತ್ರೆಯ ಸೋಂಕು: ವೈದ್ಯರೊಡನೆ ಪ್ರಶ್ನೋತ್ತರ

ಪ್ರಶ್ನೆ (ಶಿರಸಿ): ಅಡಿಕೆ ತೋಟದಲ್ಲಿ ಜಾರಿಬಿದ್ದ ನನ್ನ ತಂದೆಯವರಿಗೆ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಯಿತು. ಅಂದು ಹಾಕಿದ ಕ್ಯಾಥೆಟರ್ (ಮೂತ್ರಕೋಶದಿಂದ ಮೂತ್ರ ಹೊರತರುವ ನಳಿಕೆ) ಆರನೆಯ ದಿನವೂ ಹಾಗೆಯೇ ಇತ್ತು. ಆ ದಿನ ಚಳಿಜ್ವರ ಬಂದು, ಮೂತ್ರದ ಸೋಂಕೆಂದು ಮತ್ತೆ ಎಂಟು ದಿನ ಆಸ್ಪತ್ರೆಯಲ್ಲಿಯೇ ಉಳಿಯಬೇಕಾಯಿತು. ಇದಕ್ಕೆ ಶುಚಿತ್ವದ ಕೊರತೆ ಕಾರಣವೇ?

ಉತ್ತರ: ಇರಬಹುದು. ಆದರೆ ಆರನೆಯ ದಿನವೂ ಆ ನಳಿಕೆ ಏಕಿತ್ತು ಎಂಬುದನ್ನು ನಾನು ಮೊದಲು ಕೇಳುತ್ತೇನೆ. ಎಷ್ಟೇ ಶುಚಿಯಾಗಿ ಹಾಕಿದರೂ, ನಳಿಕೆ ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ಸುಮಾರು ಶೇ. 3ರಿಂದ 7ರಷ್ಟಿದ್ದು, ತಿಂಗಳಾಗುವಷ್ಟರಲ್ಲಿ ಬಹುತೇಕ ಎಲ್ಲ ರೋಗಿಗಳಲ್ಲಿಯೂ ಅವು ನೆಲೆಸಿರುತ್ತವೆ. ರೋಗಿಯ ಕರುಳಿನದೇ ಆದ ಇ. ಕೋಲಿ, ವಾರ್ಡಿನಲ್ಲಿ ಅಂಟಿಕೊಳ್ಳುವ ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಮುಂತಾದ ಬ್ಯಾಕ್ಟೀರಿಯಾಗಳು, ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಹಾವಸೆ ಕಟ್ಟುವಂತೆ ನಳಿಕೆಯ ಗೋಡೆಗೆ ಲೋಳೆಪದರ ಕಟ್ಟುತ್ತವೆ. ಆ ಪದರದೊಳಗೆ ಆ್ಯಂಟಿಬಯೋಟಿಕ್ ಸರಿಯಾಗಿ ಇಳಿಯುವುದಿಲ್ಲ. ನಿಮ್ಮ ತಂದೆಯವರು ಆಸ್ಪತ್ರೆಯಲ್ಲಿ ಹೆಚ್ಚಾಗಿ ಕಳೆದ ಎಂಟು ದಿನಗಳು ಇಂತಹ ಸೋಂಕು ಹೊರಿಸುವ ಹೊರೆಯ ಒಂದು ಪಾಲು. ಇದು ಬಹುಮಟ್ಟಿಗೆ ತಡೆಯಬಹುದಾದ ಸೋಂಕೆಂದು ಪರಿಗಣಿಸಿಯೇ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್, 2008ರ ಅಕ್ಟೋಬರ್‌ನಿಂದ ಇದರ ಹೆಚ್ಚುವರಿ ವೆಚ್ಚವನ್ನು ಆಸ್ಪತ್ರೆಗಳಿಗೆ ಕೊಡುವುದನ್ನು ನಿಲ್ಲಿಸಿತು. ಶಸ್ತ್ರಚಿಕಿತ್ಸೆಗೆಂದು ಹಾಕಿದ ನಳಿಕೆಯನ್ನು, ಬೇರೆ ಕಾರಣವಿಲ್ಲದಿದ್ದರೆ, ಸಾಧ್ಯವಾದಷ್ಟು 24 ಗಂಟೆಯೊಳಗೆ ತೆಗೆಯಬೇಕು. "ಇವತ್ತೂ ಇದು ಬೇಕೇ?" ಎಂದು ಮನೆಯವರು ದಿನವೂ ಕೇಳುವುದರಲ್ಲಿ ತಪ್ಪೇನಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇನ್ನೊಂದು ಮಾತು. ಕಾರವಾರದಿಂದ ಮಂಗಳೂರಿಗೋ, ಶಿರಸಿಯಿಂದ ಹುಬ್ಬಳ್ಳಿಗೋ ಆಂಬ್ಯುಲೆನ್ಸಿನಲ್ಲಿ ಹೋಗುವಾಗ ಮೂತ್ರದ ಚೀಲವನ್ನು ರೋಗಿಯ ಹೊಟ್ಟೆಯ ಮೇಲೋ ಕಾಲುಗಳ ನಡುವೆಯೋ ಇಟ್ಟಿರುವುದನ್ನು ನಾನು ಮತ್ತೆ ಮತ್ತೆ ನೋಡಿ ನೊಂದಿದ್ದೇನೆ. ಚೀಲದ ಮೂತ್ರ ಹಿಂದಕ್ಕೆ ಹರಿದರೆ ಸೋಂಕಿಗೆ ದಾರಿಯಾಗುತ್ತದೆ. ಹೊರಡುವ ಮುನ್ನ ಚೀಲ ಖಾಲಿ ಮಾಡಿಸಿ, ಮೂತ್ರಕೋಶದ ಮಟ್ಟಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ತೂಗುಹಾಕಿಸಿ.

ಪ್ರಶ್ನೆ (ಕುಮಟಾ): ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಿರುವ ತಾಯಿಗೆ ಎರಡು ತಿಂಗಳಿಂದ ಮನೆಯಲ್ಲಿಯೇ ಕ್ಯಾಥೆಟರ್ ಇದೆ. ಜ್ವರವಿಲ್ಲ, ಆದರೆ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿಯಲ್ಲಿ ಬ್ಯಾಕ್ಟೀರಿಯಾ ಬಂದಿದೆ. ಔಷಧ ಕೊಡಿಸಬೇಕೇ?

ಉತ್ತರ: ಬೇಡ. ಇಷ್ಟು ದಿನದ ನಳಿಕೆಯಲ್ಲಿ ಬ್ಯಾಕ್ಟೀರಿಯಾ ಕಾಣದಿದ್ದರೇ ಆಶ್ಚರ್ಯ. ಲಕ್ಷಣವಿಲ್ಲದೆ ಔಷಧ ಕೊಟ್ಟರೆ ಮುಂದೆ ನಿಜವಾದ ಸೋಂಕು ಬಂದಾಗ ಔಷಧಕ್ಕೆ ಬಗ್ಗದ ಜಾತಿಯೇ ಉಳಿದಿರುತ್ತದೆ. ಗರ್ಭಿಣಿಯರು ಮತ್ತು ಮೂತ್ರನಾಳದ ಕೆಲವು ಶಸ್ತ್ರಚಿಕಿತ್ಸೆಗೆ ಸಿದ್ಧರಾದವರ ವಿಷಯ ಬೇರೆ. ಮೂತ್ರ ಕದಡಿದೆ, ವಾಸನೆ ಬರುತ್ತಿದೆ ಎಂಬುದಷ್ಟೇ ಸೋಂಕಿನ ಗುರುತಾಗುವುದಿಲ್ಲ. ಚಳಿಜ್ವರ, ಪಕ್ಕೆನೋವು, ಇದ್ದಕ್ಕಿದ್ದಂತೆ ಮಂಕು ಕವಿಯುವುದು, ಮೂತ್ರ ಹರಿಯುವುದು ನಿಲ್ಲುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ವೈದ್ಯರ ಬಳಿ ಹೋಗಿ. ಸೋಂಕು ಖಚಿತವಾದರೆ ಹಳೆಯ ನಳಿಕೆಯನ್ನು ಬದಲಿಸಿ, ಹೊಸದರಿಂದ ಮೂತ್ರ ಹಿಡಿದು ಪರೀಕ್ಷೆಗೆ ಕಳಿಸುವಂತೆ ಕೇಳಿ.